ಭಕ್ಷೀಸು ಕೊಡುವುದು ನನ್ನಿಷ್ಟ, ಬಿಲ್ಲಿನ ಇಷ್ಟವಲ್ಲ

ಮಾನ್ಯ ಸಂಪಾದಕರೆ,

ಹೋಟೆಲುಗಳು ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿ ಸೇರಿಸುವಂತಿಲ್ಲ ಎಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ, ಈ ಪೀಡೆ ತೊಲಗಿತು ಎಂದುಕೊಂಡಿದ್ದೆ. ಭಾನುವಾರ ರಾತ್ರಿಯೇ ಆ ಭ್ರಮೆ ಹರಿಯಿತು.

ವೃತ್ತದ ಬಳಿ ಹೊಸದಾಗಿ ತೆರೆದಿರುವ, ದೀಪದ ಸರದಿಂದಲೇ ಎಲ್ಲರಿಗೂ ಗೊತ್ತಿರುವ ಹೋಟೆಲಿಗೆ ತಾಯಿ, ಪತ್ನಿ, ಮಗಳೊಂದಿಗೆ ಹೋಗಿದ್ದೆ. ಇಪ್ಪತ್ತು ನಿಮಿಷ ಯಾರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ನೀರು ಕೇಳಿದರೆ ಬಾಟಲಿ ತಂದು, ನಾವು ಹೂಂ ಎನ್ನುವ ಮೊದಲೇ ಮುಚ್ಚಳ ತಿರುಗಿಸಿ ಇಟ್ಟರು. ತಾಯಿಗೆ ಖಾರ ಆಗದು ಎಂದು ಎರಡೆರಡು ಸಲ ಹೇಳಿದ್ದೆ. ಬಂದದ್ದು ಪಕ್ಕದ ಮೇಜಿನವರಿಗೆ ಹೋಗಬೇಕಾಗಿದ್ದ ಕೆಂಪು ಗ್ರೇವಿ. ಅದು ವಾಪಸು ಹೋಗಿ ನಮ್ಮದು ಬರುವಷ್ಟರಲ್ಲಿ ಮಗಳು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಕೈ ತೊಳೆಯುವಲ್ಲಿ ಸೋಪಿನ ಡಬ್ಬಿ ಇತ್ತು, ಸೋಪಿರಲಿಲ್ಲ.

ಆಮೇಲೆ ಸೋಂಪಿನ ಜೊತೆ ಬಿಲ್ ಬಂತು. ಊಟಕ್ಕೆ 2,140 ರೂಪಾಯಿ. ಅದರ ಕೆಳಗೆ ‘ಸಿಬ್ಬಂದಿ ಕ್ಷೇಮ’ 214. ಎರಡನ್ನೂ ಕೂಡಿಸಿ, ಒಟ್ಟು ಮೊತ್ತದ ಮೇಲೆ ಶೇ 5ರ ಜಿಎಸ್‌ಟಿ. ನಾನು ಕೊಡಲು ಒಪ್ಪದ ಭಕ್ಷೀಸಿಗೆ ತೆರಿಗೆಯನ್ನೂ ನಾನೇ ಕಟ್ಟಬೇಕು! ಕೇಳಿದರೆ ಮ್ಯಾನೇಜರ್ ಕಂಪ್ಯೂಟರ್ ಕಡೆ ಕೈ ತೋರಿಸಿ, ‘ಅದು ಸಿಸ್ಟಮ್‌ನಲ್ಲೇ ಬರುತ್ತದೆ ಸಾರ್, ತೆಗೆಯಲು ಆಗುವುದಿಲ್ಲ’ ಎಂದರು. ಹಾಕುವ ಕೈಗೆ ತೆಗೆಯುವುದು ಬಾರದಂತೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿ ಕೂಡ ವಸೂಲು ಮಾಡುವಂತಿಲ್ಲ, ಅದನ್ನು ಸೇರಿಸಿ ಜಿಎಸ್‌ಟಿ ಹಾಕುವಂತಿಲ್ಲ. ಇದರ ವಿರುದ್ಧ ನ್ಯಾಯಾಲಯಕ್ಕೆ ಹೋದ ಹೋಟೆಲ್ ಮಾಲೀಕರ ಎರಡು ಸಂಘಗಳಿಗೆ ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ತಲಾ 1 ಲಕ್ಷ ರೂಪಾಯಿ ದಂಡ ಹಾಕಿ ಕಳುಹಿಸಿತು. ನಮ್ಮ ಹೋಟೆಲಿನವರು ಇದನ್ನೆಲ್ಲ ಚೆನ್ನಾಗಿಯೇ ಓದಿಕೊಂಡಿದ್ದಾರೆ. ಇಲ್ಲದಿದ್ದರೆ ‘ಸೇವಾ ಶುಲ್ಕ’ ಹೋಗಿ ‘ಕ್ಷೇಮ’ ಹೇಗೆ ಬರುತ್ತಿತ್ತು?

ನಾನು ಜಿಪುಣನೆಂದು ಯಾರೂ ತಿಳಿಯಬಾರದು. ಮೇಜು ಒರೆಸುವ ಒಬ್ಬ ಹುಡುಗನಿದ್ದ. ತಾಯಿ ಕೆಮ್ಮಿದ್ದು ಕೇಳಿ, ಯಾರೂ ಹೇಳದೆಯೇ ಒಳಗಿನಿಂದ ಸ್ಟೀಲ್ ಲೋಟದಲ್ಲಿ ಬಿಸಿನೀರು ತಂದುಕೊಟ್ಟವನು ಅವನೊಬ್ಬನೇ. ಅವನಿಗೆಂದು ನೂರರ ನೋಟನ್ನು ಜೇಬಿನಲ್ಲಿ ಮಡಚಿ ಇಟ್ಟುಕೊಂಡಿದ್ದೆ. ‘ಈ 214 ನಿಮಗೆ ಬರುತ್ತದೆಯೇ?’ ಎಂದು ಮೆಲ್ಲಗೆ ಕೇಳಿದೆ. ಹುಡುಗ ಕ್ಯಾಷ್ ಕೌಂಟರ್ ಕಡೆ ಒಮ್ಮೆ ನೋಡಿ, ಒರೆಸಿದ ಜಾಗವನ್ನೇ ಮತ್ತೆ ಒರೆಸತೊಡಗಿದ. ಜಗಳ, ಗದ್ದಲ, ಅಳುವ ಮಗಳು ಎಲ್ಲದರ ನಡುವೆ ಆ ನೋಟು ನನ್ನ ಜೇಬಿನಲ್ಲೇ ಮನೆಗೆ ಬಂತು. ಸಿಟ್ಟು ಬಂದಿರುವುದು 214 ರೂಪಾಯಿಗಿಂತ ಹೆಚ್ಚಾಗಿ ಇದಕ್ಕೆ.

ದೂರು ಕೊಡಿ ಎನ್ನುತ್ತೀರಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾಧಿಕಾರಿಗೂ ಬರೆಯಬಹುದು ಎಂದು ನಿಯಮವೇ ಹೇಳುತ್ತದೆ. ಆದರೆ ಇದೇ ಹೋಟೆಲ್ ಪಾದಚಾರಿ ಮಾರ್ಗಕ್ಕೆ ಹೂಕುಂಡ ಜೋಡಿಸಿ ವಾಹನ ನಿಲ್ಲಿಸಿಕೊಳ್ಳುತ್ತಿದೆ ಎಂದು ಎರಡು ತಿಂಗಳ ಹಿಂದೆ ನಾನು ಕೊಟ್ಟ ಅರ್ಜಿ ಎಲ್ಲಿದೆ? ಸಾಹೇಬರು ‘ಸ್ಥಳ ಪರಿಶೀಲನೆ’ಗೆ ಬಂದದ್ದು ನಿಜ, ಒಳಗೆ ಕುಳಿತು ಊಟ ಮಾಡಿ ಹೋದರು. ಅವರ ಬಿಲ್ಲಿನಲ್ಲಿ ‘ಕ್ಷೇಮ’ ಇತ್ತೋ ಇಲ್ಲವೋ, ಬಿಲ್ಲೇ ಇತ್ತೋ ಇಲ್ಲವೋ.

ಅಧಿಕಾರಿಗಳಿಗಾದರೂ ಇದರಲ್ಲಿ ತಪ್ಪೇನು ಕಾಣಬೇಕು? ಖಾತೆ ಬದಲಾವಣೆಗೆ ನಾನು ಏಳು ಸಲ ಅಲೆದ ಕಚೇರಿಯಲ್ಲಿ ‘ಕಾಫಿಗೆ ಏನಾದರೂ’ ಎಂಬ ಮಾತು ಕಡತಕ್ಕಿಂತ ಮೊದಲು ಮೇಜಿನ ಮೇಲೆ ಬಂದಿತ್ತು. ಹೋಟೆಲಿನವರು ಕನಿಷ್ಠ ಮುದ್ರಿಸಿಯಾದರೂ ಕೊಡುತ್ತಾರೆ. ಈಗ ಆಟೋ ಕರೆಯಲು ಹೋದರೆ ಮೊಬೈಲ್ ಕೂಡ, ಗಾಡಿ ಬರುವ ಮೊದಲೇ ಭಕ್ಷೀಸು ಎಷ್ಟು ಎಂದು ಕೇಳುತ್ತದೆ. ಉಣ್ಣುವ ಮೊದಲೇ ತೇಗು ಎಂದ ಹಾಗೆ.

ಸಂಬಂಧಪಟ್ಟವರು ಕೂಡಲೇ ಈ ಹೋಟೆಲಿನ ಬಿಲ್ಲುಗಳನ್ನು ತಪಾಸಣೆ ಮಾಡಬೇಕು. ಹಾಗೆಯೇ ಪಾದಚಾರಿ ಮಾರ್ಗ ತೆರವು ಮಾಡಬೇಕು. ಎರಡೂ ಆಗದಿದ್ದರೆ, ಆ ಹುಡುಗರಿಗೆ ಸರಿಯಾದ ಸಂಬಳವನ್ನಾದರೂ ಕೊಡಿಸಲಿ. ಅದೂ ಆಗದು ಎಂದರೆ ಕಚೇರಿಗೆ ಬೀಗ ಹಾಕಿಕೊಂಡು ಹೋಗಲಿ, ಸಂಬಳವೆಂಬ ಸೇವಾ ಶುಲ್ಕವಾದರೂ ನಮಗೆ ಉಳಿಯುತ್ತದೆ.

– ನೂರರ ನೋಟು ಇನ್ನೂ ಜೇಬಿನಲ್ಲಿರುವ ಓದುಗ