ನಲವತ್ತನಾಲ್ಕು ವರ್ಷಗಳ ನಂತರದ ಕುತ್ಯಾ

2024ರ ಡಿಸೆಂಬರ್ 24ರ ಸಂಜೆ ಪೋಲೆಂಡಿನ ವ್ರೊತ್ಸ್ವಾಫ್ ನಗರದ ನಮ್ಮ ಮನೆಯಲ್ಲಿ ನನ್ನ ಅತ್ತೆಯವರು, ಅವರ ಅಕ್ಕ ಮತ್ತು ತಮ್ಮ ಒಂದೇ ಮೇಜಿನ ಸುತ್ತ ಕುಳಿತು ಕ್ರಿಸ್‌ಮಸ್ ಮುನ್ನಾದಿನದ ಊಟ ಮಾಡಿದರು. ‘ವಿಗಿಲಿಯಾ’ ಎಂದು ಕರೆಯುವ ಈ ಊಟಕ್ಕೆ ಮೂವರೂ ಕೂಡಿದ್ದು ಅದಕ್ಕೂ ಹಿಂದೆ 1980ರಲ್ಲಿ. ಈ ಸಲ ಕೂಡಿದಾಗ ದೊಡ್ಡತ್ತೆಯವರಿಗೆ 86, ಅತ್ತೆಯವರಿಗೆ 81, ಸೋದರಮಾವನವರಿಗೆ 74 ವರ್ಷ. ಇದಕ್ಕೆ ನೆರವಾದವರಲ್ಲಿ ಕನ್ನಡಿಗರೂ ಇದ್ದಾರೆ. ಪೋಲಿಷ್ ಭಾಷೆಯ ಧನ್ಯವಾದ ಪತ್ರವನ್ನು ನನ್ನ ಪತಿ ಬರೆದಾಗಿದೆ. ಕನ್ನಡದ್ದು ನನ್ನ ಪಾಲಿಗೆ ಬಂದಿದೆ.

ಅಕ್ಕತಂಗಿಯರಿಬ್ಬರೂ ಹುಟ್ಟಿದ್ದು ಲ್ವುಫ್ ಪಟ್ಟಣದ ಸಮೀಪದ ಹಳ್ಳಿಯಲ್ಲಿ. ಆ ಪಟ್ಟಣವೇ ಇಂದು ಉಕ್ರೇನಿನ ಲ್ವಿವ್. ಎರಡನೆಯ ಮಹಾಯುದ್ಧ ಮುಗಿದು ಗಡಿಗಳು ಪಶ್ಚಿಮಕ್ಕೆ ಸರಿದಾಗ, ಅಲ್ಲಿನ ಎಷ್ಟೋ ಪೋಲಿಷ್ ಕುಟುಂಬಗಳಂತೆ ಇವರದೂ ಗೂಡ್ಸ್ ರೈಲಿನಲ್ಲಿ, ಅಲ್ಲಿಯವರೆಗೆ ಜರ್ಮನಿಯ ಬ್ರೆಸ್ಲೌ ಆಗಿದ್ದ ಈ ಊರಿಗೆ ಬಂದಿಳಿಯಿತು. ತಮ್ಮ ಹುಟ್ಟಿದ್ದು ಇಲ್ಲಿಯೇ. ದೊಡ್ಡತ್ತೆಯವರು ಮದುವೆಯಾಗಿ ಉತ್ತರದ ಷ್ಚೆಚಿನ್‌ಗೆ ಹೋದರು. ತಮ್ಮ 1981ರಲ್ಲಿ ಕೆಲವು ತಿಂಗಳ ದುಡಿಮೆಗೆಂದು ಷಿಕಾಗೋಗೆ ಹೋದರು; ಅದೇ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೇನಾಡಳಿತ ಜಾರಿಯಾಗಿ ಅವರು ಅಲ್ಲಿಯೇ ಉಳಿದರು. ಮುಂದೆ ತಾಯಿಯ ಅಂತ್ಯಸಂಸ್ಕಾರಕ್ಕೂ ಎರಡು ಬೇಸಿಗೆಗಳಲ್ಲಿಯೂ ಬಂದರಾದರೂ ಕ್ರಿಸ್‌ಮಸ್‌ಗೆ ಬರುವುದು ಮಾತ್ರ ಕೂಡಿಬರಲಿಲ್ಲ.

2024ರ ಮೇ ತಿಂಗಳಲ್ಲಿ ಅತ್ತೆಯವರು ಸ್ನಾನದ ಮನೆಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ, ಇನ್ನು ಮುಂದೂಡಬಾರದೆಂದು ಮೂವರೂ ನಿಶ್ಚಯಿಸಿದರು. ಅವರನ್ನು ನಾಲ್ಕು ತಿಂಗಳು ಗದರಿಸುತ್ತ, ನಗಿಸುತ್ತ ಮತ್ತೆ ನಡೆಯುವಂತೆ ಮಾಡಿದ ಫಿಸಿಯೋಥೆರಪಿಸ್ಟ್ ತರುಣಿಗೆ ನನ್ನ ಮೊದಲ ನಮನ. ದೊಡ್ಡತ್ತೆಯವರನ್ನು ಗಾಲಿಕುರ್ಚಿಯಲ್ಲಿ ರೈಲಿನಿಂದ ಇಳಿಸಿಕೊಟ್ಟ ನಿಲ್ದಾಣದ ಸಿಬ್ಬಂದಿಗೂ ನಾವು ಋಣಿಗಳು.

ಇನ್ನು ಊಟದ ವಿಷಯ. ವಿಗಿಲಿಯಾದಲ್ಲಿ ಮಾಂಸವಿಲ್ಲ, ಮೀನುಂಟು. ಹನ್ನೆರಡು ಬಗೆಗಳಾಗಬೇಕೆಂಬುದು ರೂಢಿ. ಬೀಟ್‌ರೂಟನ್ನು ಉಪ್ಪುನೀರಿನಲ್ಲಿ ಬೆಳ್ಳುಳ್ಳಿಯೊಡನೆ ಐದಾರು ದಿನ ಹುಳಿಬರಿಸಿ ಮಾಡುವ ಬಾರ್ಷ್ಚ್ ಸಾರಿಗೆ, ಒಣ ಅಣಬೆ ತುಂಬಿದ ಕಿವಿಯಾಕಾರದ ಪುಟ್ಟ ಕಡುಬುಗಳನ್ನು ಹಾಕುತ್ತಾರೆ. ಅತ್ತೆಯವರು ಕುರ್ಚಿಯಲ್ಲಿ ಕುಳಿತೇ ಅಂಥ ನೂರಕ್ಕೂ ಹೆಚ್ಚು ಕಡುಬುಗಳನ್ನು ಮಡಚಿದರು. ಆದರೆ ಮೂವರೂ ಕಾದಿದ್ದು ಕುತ್ಯಾಕ್ಕೆ. ಇಡೀ ಗೋಧಿ, ಗಸಗಸೆ, ಜೇನು, ಅಕ್ರೋಟುಗಳ ಈ ಸಿಹಿ ಪೂರ್ವದ ಸೀಮೆಯಿಂದ ಬಂದ ಕುಟುಂಬಗಳದ್ದು. ಗದಗಿನವಳಾದ ನನಗೆ ಅದು ಮೊದಲ ತುತ್ತಿಗೇ ಗೋಧಿ ಹುಗ್ಗಿಯ ನೆಂಟನೆಂದು ತಿಳಿದಿತ್ತು.

ಅದಕ್ಕಾಗಿ ಸಿಪ್ಪೆ ತೆಗೆದು ಮಾರುವ ಗೋಧಿ ಅಂಗಡಿಗಳಲ್ಲಿ ಮುಗಿದುಹೋಗಿ ಸಿಪ್ಪೆ ತೆಗೆಯದ ಗೋಧಿಯೇ ಕೈಗೆ ಸಿಕ್ಕಾಗ ನಾನು ಗದಗಿಗೆ ಫೋನ್ ಮಾಡಿದೆ. ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಡುವುದು, ಅರಿವೆಯಲ್ಲಿ ಕಟ್ಟಿ ಕುಟ್ಟುವುದು, ಆರಿಸಿ ಕೇರುವುದು, ಎಲ್ಲವನ್ನೂ ಚಿಕ್ಕಮ್ಮ ವಿಡಿಯೋ ಕರೆಯಲ್ಲಿಯೇ ಮಾಡಿಸಿದರು. ಮೊರವಿಲ್ಲದೆ ಓವನ್ನಿನ ತಟ್ಟೆಯಲ್ಲಿ ಕೇರಿದ ನನ್ನನ್ನು ಕಂಡು ಅವರು ನಕ್ಕದ್ದನ್ನೂ ಕೃತಜ್ಞತೆಯಿಂದಲೇ ದಾಖಲಿಸುತ್ತೇನೆ. ಐದು ಲೀಟರಿನ ಪ್ರೆಷರ್ ಕುಕ್ಕರನ್ನು ಟ್ರಾಮಿನಲ್ಲಿ ಹೊತ್ತು ತಂದ ಇಲ್ಲಿನ ಕನ್ನಡಿಗ ದಂಪತಿಗೆ ವಿಶೇಷ ವಂದನೆಗಳು. ಅದು ಸೀಟಿ ಹಾಕಿದಾಗಲೆಲ್ಲ ದೊಡ್ಡತ್ತೆಯವರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು.

ಗಸಗಸೆಯನ್ನು ಯಂತ್ರದಲ್ಲಿ ಮೂರು ಸಲ ಅರೆಯುವುದು ಈಗಿನ ಪದ್ಧತಿ. ದೊಡ್ಡತ್ತೆಯವರು ಮಾತ್ರ ‘ಮಕೂತ್ರಾ’ ಬೇಕೆಂದರು. ಒಳಮೈ ಗೀರುಗೀರಾಗಿರುವ ಆ ಮಣ್ಣಿನ ಬಟ್ಟಲಿನಲ್ಲಿ ಮರದ ಗುಂಡಿನಿಂದ ತಿರುವಿ ಅರೆಯಬೇಕು. ಅದು ಸಿಕ್ಕಿದ್ದು, 2022ರಲ್ಲಿ ಲ್ವಿವ್‌ನಿಂದ ಮಗನೊಡನೆ ಬಂದು ಕೆಳಗಿನ ಮಹಡಿಯಲ್ಲಿ ನೆಲೆಸಿರುವ ಉಕ್ರೇನಿನ ಮಹಿಳೆಯಿಂದ. ತಮ್ಮ ಮನೆಯ ಕುತ್ಯಾಕ್ಕೆ ಬೇಕಿದ್ದರೂ ಅವರು ಅದನ್ನು ಮೊದಲು ನಮಗೆ ಕೊಟ್ಟರು. ಅನಿರೀಕ್ಷಿತ ಅತಿಥಿಗೆಂದು ಮೇಜಿನ ಮೇಲೆ ಒಂದು ತಟ್ಟೆ ಖಾಲಿ ಇಡುವುದು ಇಲ್ಲಿನ ವಾಡಿಕೆ. ಊಟಕ್ಕೆ ಕರೆದೆವು, ತಮ್ಮ ಮನೆಯ ಊಟವೂ ಅದೇ ಸಂಜೆಯೆಂದು ಬಟ್ಟಲನ್ನಷ್ಟೇ ಒಯ್ದರು. ತಟ್ಟೆ ಖಾಲಿಯೇ ಉಳಿಯಿತು.

ಅಜ್ಜಿಯ, ಅಂದರೆ ಈ ಮೂವರ ತಾಯಿಯ, ಅಡುಗೆ ಪುಸ್ತಕದಲ್ಲಿ ಅಳತೆಯ ಜಾಗದಲ್ಲೆಲ್ಲ ‘ಬೇಕಾದಷ್ಟು’ ಎಂದಷ್ಟೇ ಇದೆ. ಹೀಗಾಗಿ ವಾದ ನಡೆದೇ ನಡೆಯಿತು. ಕಿತ್ತಳೆ ಸಿಪ್ಪೆಯಿಲ್ಲದ ಕುತ್ಯಾ ಕುತ್ಯಾವೇ ಅಲ್ಲವೆಂದು ಸೋದರಮಾವ, ಹಳ್ಳಿಯಲ್ಲಿ ಕಿತ್ತಳೆ ಕಂಡವರಾರು ಎಂದು ದೊಡ್ಡತ್ತೆ. ಇಬ್ಬರೂ ಹೇಳುತ್ತಿದ್ದುದು ಒಬ್ಬಳೇ ತಾಯಿಯ ಅಡುಗೆಯನ್ನು, ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು. ಸಿಪ್ಪೆಯನ್ನು ಬೇರೆ ಬಟ್ಟಲಿನಲ್ಲಿ ಇಟ್ಟೆವು.

ಊಟಕ್ಕೆ ಮೊದಲು ಒಪ್ವಾತೆಕ್ ಎಂಬ ತೆಳುವಾದ ಬಿಳಿ ಹಪ್ಪಳವನ್ನು ಮುರಿದು ಹಂಚಿಕೊಳ್ಳುತ್ತ ಹಾರೈಕೆ ಹೇಳಬೇಕು. ಮೂವರೂ ಏನೂ ಹೇಳಲಿಲ್ಲ; ಮುರಿದು ಒಬ್ಬರ ಕೈಗೊಬ್ಬರು ಕೊಟ್ಟರು. ಕುತ್ಯಾ ರುಚಿ ನೋಡಿದ ದೊಡ್ಡತ್ತೆಯವರು “ಜೇನು ಸಾಲದು” ಎಂದರು, ಮತ್ತೆರಡು ಸಲ ಹಾಕಿಸಿಕೊಂಡರು.

ಸೋದರಮಾವ ಜನವರಿ 8ರಂದು ಹಿಂದಿರುಗಿದರು. ಕುಕ್ಕರಿನ ಒಡೆಯರಲ್ಲಿ ಒಂದು ವಿನಂತಿ: ಅದು ಇನ್ನೂ ನಮ್ಮಲ್ಲಿಯೇ ಇದೆ, ಅತ್ತೆಯವರು ಬಿಡುತ್ತಿಲ್ಲ, ದಯವಿಟ್ಟು ಇನ್ನೊಂದು ವಾರ ಕೊಡಬೇಕು.