ನಮ್ಮ ಟಿವಿ ಕೇಂದ್ರ ಯಾರದು ಸರ್? ಕಲಬುರಗಿ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ನಾನು ಭೀಮಾ ದಂಡೆಯ ಒಂದು ಹಳ್ಳಿಯ ನಿವೃತ್ತ ಮಾಸ್ತರ. ನಿಮಗೆ ಬರೆಯುತ್ತಿರುವುದು ಇದೇ ಮೊದಲು. ತೊಗರಿ ರೇಟಿನ ಬಗ್ಗೆ ಬರೆಯಬಹುದಿತ್ತು, ರಸ್ತೆ ಬಗ್ಗೆ ಬರೆಯಬಹುದಿತ್ತು. ಅದನ್ನು ಬರೆಯೋರು ಬಹಳ ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಕಲಬುರಗಿ ದೂರದರ್ಶನ ಕೇಂದ್ರದ ಬಗ್ಗೆ. ನಗಬೇಡಿ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಕೊನೆ ತನಕ ಓದೋಕೆ ನಿಮಗೆ ಪುರುಸೊತ್ತು ಇರಲಿಕ್ಕಿಲ್ಲ. ಚಂದನ ವಾಹಿನಿಯಲ್ಲಿ ದಿನಕ್ಕೆ ಅರ್ಧ ಗಂಟೆ, ಎಲ್ಲರಿಗೂ ಗೊತ್ತಿರುವ ಒಂದು ಹೊತ್ತಿಗೆ, ಕಲಬುರಗಿಯಲ್ಲೇ ತಯಾರಾದ ಕಾರ್ಯಕ್ರಮ ಬರಬೇಕು. ಜೊತೆಗೆ, ನಮ್ಮ ಭಾಗದ ಹಳೇ ಟೇಪುಗಳು ಯಾರ ವಶದಲ್ಲಿವೆ ಅಂತ ಯಾರಾದರೂ ಸಹಿ ಮಾಡಿ ಬರೆದು ಕೊಡಬೇಕು. ಇಷ್ಟೇ.

ಬೆಂಗಳೂರಿನ ಬೀಗರಿಗೆ ಹೇಳಿದರೆ ನಂಬಲ್ಲ. ಆದರೆ ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ನಮ್ಮ ಕಡೆ. 1975ರ ಆಗಸ್ಟ್ 1ರಂದು, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ ಸೈಟ್ (SITE) ಅನ್ನುವ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾದಿಂದ ಒಂದು ಉಪಗ್ರಹವನ್ನು ಒಂದು ವರ್ಷಕ್ಕೆ ಕಡ ತಂದಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕೊಟ್ಟರು. ನಮ್ಮ ರಾಜ್ಯದಲ್ಲಿ ಅದು ಬಂದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ. ಆಗ ನನಗೆ ಹತ್ತು ವರ್ಷ. ಶಾಲೆಯ ಮಾಳಿಗೆ ಮೇಲೆ ಕೋಳಿ ಗೂಡಿಗೆ ಹೊಡೆಯೋ ಜಾಳಿಗೆಯಂಥದ್ದರಲ್ಲಿ ಮಾಡಿದ ದೊಡ್ಡ ಛತ್ರಿ ಕೂಡಿಸಿದ್ದರು. ಟಿವಿ ಪೆಟ್ಟಿಗೆಯ ಕೀಲಿ ಹೆಡ್ ಮಾಸ್ತರರ ಉಡದಾರದಲ್ಲಿ ಇರುತ್ತಿತ್ತು. ಅವರು ಊಟ ಮುಗಿಸಿ ಬರೋ ತನಕ ಊರಿಗೆ ಊರೇ ಚಾಪೆ ಹಾಸಿಕೊಂಡು ಕಾಯಬೇಕು.

ಒಂದು ವರ್ಷ ತುಂಬಿತು, 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅದರ ಯಜಮಾನರು ವಾಪಸ್ ತೆಗೆದುಕೊಂಡರು. ಅವರನ್ನು ಬೈಯೋ ಹಾಗಿಲ್ಲ. ಕಡ ಕೊಟ್ಟಿದ್ದರು, ಒಂದೇ ವರ್ಷ ಅಂತ ಮೊದಲೇ ಹೇಳಿದ್ದರು. ಹೇಳಿದ ಹಾಗೆ ನಡೆದುಕೊಂಡರು. ಆಮೇಲೆ 1977ರಲ್ಲಿ ಗುಲಬರ್ಗಾದಲ್ಲೇ ನೆಲದ ಮೇಲಿನ ಕೇಂದ್ರ ಶುರುವಾಯಿತು. ಬೆಂಗಳೂರು ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಅಂದರೆ ನಾವು ನಾಲ್ಕು ವರ್ಷ ಮುಂದೆ. ಈ ಭಾಗ ಯಾವುದರಲ್ಲಾದರೂ ರಾಜಧಾನಿಗಿಂತ ಮುಂದಿತ್ತು ಅಂತ ಹೇಳಿಕೊಳ್ಳೋಕೆ ಇರೋದು ಇದೊಂದೇ. ಅದನ್ನೂ ಉಳಿಸಿಕೊಳ್ಳಲಿಲ್ಲ.

ಕೇಂದ್ರದ ಯಜಮಾನಿಕೆಯ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೊದಲು ಅದು ನೇರವಾಗಿ ಭಾರತ ಸರ್ಕಾರದ್ದು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಆಯಿತು. ಏಳು ವರ್ಷ ಫೈಲಿನಲ್ಲಿ ಮಲಗಿ 1997ರಲ್ಲಿ ಎದ್ದಿತು. ಅಂದಿನಿಂದ ಯಜಮಾನ ಪ್ರಸಾರ ಭಾರತಿ, ಅಂದರೆ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಸಂಸ್ಥೆ. ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಏನಿದೆ ಅಂತ ಮಾಸ್ತರಿಕೆ ಮಾಡೋಕೆ ಹೋಗಲ್ಲ. ಬೇರೆ ಬೇರೆ ಪ್ರದೇಶದ ಭಾಷೆ, ಸಂಸ್ಕೃತಿಗೆ ಸಾಕಷ್ಟು ಜಾಗ ಕೊಡಬೇಕು ಅಂತ ಇದೆಯಲ್ಲ, ಅದೇ ಸೆಕ್ಷನ್.

2021ರ ಅಕ್ಟೋಬರ್‌ನಲ್ಲಿ ಕಲಬುರಗಿಯಿಂದ ಮನೆಮನೆ ಆಂಟೆನಾಕ್ಕೆ ಟಿವಿ ಕಳಿಸುತ್ತಿದ್ದ ಟ್ರಾನ್ಸ್‌ಮಿಟರ್ ಬಂದ್ ಆಗುವ ಸುದ್ದಿ ಬಂತು. ಗದ್ದಲ ಆಯಿತು. ಆಗ ಪ್ರಸಾರ ಭಾರತಿ ಒಂದು ಸ್ಪಷ್ಟನೆ ಕೊಟ್ಟಿತು. ಅನಲಾಗ್ ಹಳೇ ತಂತ್ರಜ್ಞಾನ, ಕರೆಂಟಿನ ಖರ್ಚು ಜಾಸ್ತಿ, ತರಂಗಾಂತರ 5ಜಿಗೆ ಬೇಕು ಅಂತ. ಒಪ್ಪಿದೆ. ಸುಳ್ಳು ಯಾಕೆ ಹೇಳಲಿ, ಮೀನಿನ ಮುಳ್ಳಿನಂಥ ಆಂಟೆನಾವನ್ನು ನಾನೇ ಗುಜರಿಗೆ ಹಾಕಿ ಬಹಳ ವರ್ಷ ಆಗಿತ್ತು. ಅದೇ ಸ್ಪಷ್ಟನೆಯಲ್ಲಿ ಇನ್ನೊಂದು ಮಾತಿತ್ತು: ಕಲಬುರಗಿ, ಅಸ್ಸಾಮಿನ ಸಿಲ್ಚಾರ್‌ನಂಥ ಕೇಂದ್ರಗಳು ಆಯಾ ರಾಜ್ಯದ ಉಪಗ್ರಹ ವಾಹಿನಿಗೆ ಕಾರ್ಯಕ್ರಮ ತಯಾರಿಸುವುದನ್ನು ಮುಂದುವರಿಸುತ್ತವೆ ಅಂತ. ಬಹಳ ಸಂತೋಷ. ಎಷ್ಟು ಹೊತ್ತು? ಯಾವ ಹೊತ್ತಿಗೆ? ಅದನ್ನು ಹೇಳಲಿಲ್ಲ. ಮದುವೆಗೆ ಕರೆದು ತಾರೀಕು ಹೇಳದಿದ್ದರೆ ಹೋಗೋದು ಹೇಗೆ?

ಟ್ರಾನ್ಸ್‌ಮಿಟರ್ ವಾಪಸ್ ಬೇಡ ಸರ್. ಅರ್ಧ ಗಂಟೆ ಬೇಕು.

ಈಗ ನನ್ನ ಸ್ವಂತ ಕಥೆ. ಇದನ್ನು ಹೇಳದಿದ್ದರೆ ಈ ಪತ್ರ ಯಾಕೆ ಬರೆದೆ ಅಂತ ನಿಮಗೆ ತಿಳಿಯಲ್ಲ.

ಅಪ್ಪ ತತ್ವಪದ ಹಾಡುತ್ತಿದ್ದರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಟಿವಿಯವರು ಕ್ಯಾಮೆರಾ ತಗೊಂಡು ಊರಿಗೆ ಬಂದರು. ಬೇವಿನ ಗಿಡದ ಕೆಳಗೆ ಜಮಖಾನ ಹಾಸಿದ್ದೆವು. ಅಪ್ಪ ಹೊಸ ರುಮಾಲು ಸುತ್ತಿಕೊಂಡು, ಏಕತಾರಿ ಹಿಡಿದು ಕೂತರು. ಒಂದು ಸಲ ಕೋಳಿ ಕೂಗಿತು ಅಂತ ನಿಲ್ಲಿಸಿದರು. ಇನ್ನೊಂದು ಸಲ ಯಾರದೋ ಬೈಕು ಬಂತು ಅಂತ ನಿಲ್ಲಿಸಿದರು. ಮೂರನೇ ಸಲಕ್ಕೆ ಅಪ್ಪ, "ಇನ್ನೇನರ ಆಗಲಿ, ನಾ ನಿಲ್ಲಸಂಗಿಲ್ಲ" ಅಂದು ಕಣ್ಣು ಮುಚ್ಚಿಕೊಂಡು ಹಾಡಿಬಿಟ್ಟರು. ಅದು ಟಿವಿಯಲ್ಲಿ ಬಂದ ಸಂಜೆ ಊರೆಲ್ಲ ನಮ್ಮ ಪಡಸಾಲೆಯಲ್ಲಿ. ಅಪ್ಪ ಮಾತ್ರ ಹೊಲದಲ್ಲಿ. ನಾಚಿಕೆ.

ಎರಡು ವರ್ಷದ ಹಿಂದೆ ಅಪ್ಪ ಹೋದರು. ನಮ್ಮ ಹತ್ತಿರ ಅವರ ದನಿ ಇಲ್ಲ. ಮೊಬೈಲ್ ಇಟ್ಟುಕೊಂಡೇ ಓಡಾಡುತ್ತಿದ್ದೆ, ರೆಕಾರ್ಡ್ ಮಾಡಿಕೊಳ್ಳೋ ಬುದ್ಧಿ ಬರಲಿಲ್ಲ. ಅವ್ವ ಒಂದು ದಿನ ಕೇಳಿದರು, "ಅವತ್ತು ಟಿವ್ಯಾಗ ಹಾಡಿದ್ರಲ್ಲ, ಅದು ಎಲ್ಲರ ಸಿಗ್ತದೇನು ನೋಡೋ."

ನೋಡಿದೆ. ಒಂದು ಸರ್ಕಾರಿ ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಹೇಳಲ್ಲ. ಅಲ್ಲಿ ಕೂತವರಿಗೂ ಸಂಸಾರ ಇದೆ. ಮೊದಲ ಸಲ ಅರ್ಜಿ ಕೊಡಿ ಅಂದರು, ಕೊಟ್ಟೆ. ಎರಡನೇ ಸಲ ಪ್ರಸಾರವಾದ ತಾರೀಕು ಬೇಕು ಅಂದರು. ಶ್ರಾವಣ ಸೋಮವಾರ ಅಂತ ಅವ್ವನಿಗೆ ನೆನಪಿತ್ತು, ಅದನ್ನೇ ಬರೆದು ಕೊಟ್ಟೆ. ಮೂರನೇ ಸಲ ಹೋದಾಗ ಕೇಳಿದ್ದನ್ನು ಓದಿ, ನೀವೇ ಹೇಳಿ. ಹಾಡಿದವರು ನನ್ನ ತಂದೆಯೇ ಅನ್ನೋದಕ್ಕೆ ವಂಶಾವಳಿ ಪ್ರಮಾಣಪತ್ರ ತರಬೇಕಂತೆ.

ವಂಶಾವಳಿ! ಹೊಲ ಪಾಲು ಮಾಡಿಕೊಳ್ಳೋಕೆ ಕೇಳುತ್ತಾರೆ, ಸರಿ. ತತ್ವಪದಕ್ಕೂ ಪಾಲುದಾರರು ಇರುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಆದರೂ ಅರ್ಜಿ ಹಾಕಿ, ಪಂಚರ ಸಹಿ ಹಾಕಿಸಿ, ಅದನ್ನೂ ತಂದೆ. ನಾಲ್ಕನೇ ಸಲ ಬೇರೊಬ್ಬರು ಕೂತಿದ್ದರು. ಕಾಗದ ತಿರುಗಿಸಿ ನೋಡಿ, "ಮಾಸ್ತರ, ಬಿಲ್ಡಿಂಗ್ ಒಬ್ಬರದು, ಕಾರ್ಯಕ್ರಮ ಇನ್ನೊಬ್ಬರದು, ಹಕ್ಕು ದಿಲ್ಲಿದು. ನಿಮಗ ಯಾರು ಕೊಡ್ಬೇಕ್ರಿ?" ಅಂದರು.

ಅದೇ ನನ್ನ ಪ್ರಶ್ನೆ ಸರ್. ಯಾರು ಕೊಡಬೇಕು? ಅಪ್ಪ ಹಾಡಿದ್ದು ಪುಕ್ಕಟೆ, ಗಿಡ ನಮ್ಮದು, ಚಹಾ ನಮ್ಮದು, ಕೂಗಿದ ಕೋಳಿಯೂ ನಮ್ಮದು. ಟೇಪು ಮಾತ್ರ ಯಾರದು ಅಂತ ಗೊತ್ತಿಲ್ಲ. ಅಳಿಸಿದ್ದರೆ ಅಳಿಸಿದ್ದೇವೆ ಅಂತ ಹೇಳಲಿ. ಅವ್ವನಿಗೆ ಹೇಗೋ ತಿಳಿಸಿ ಹೇಳುತ್ತೇನೆ.

ಇದು ಬರೀ ನನ್ನ ಮನೆಯ ಗೋಳು ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಉಕ್ಕಿದಾಗ ನಮ್ಮೂರಿಗೆ ನೀರು ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದನ್ನು ನಾವು ಕೇಳಿದ್ದು ವಾಟ್ಸಾಪ್ ಆಡಿಯೋದಲ್ಲಿ. "ಅಣ್ಣಾ, ರಾತ್ರಿನೇ ಊರು ಬಿಡ್ರಿ" ಅಂತ ಯಾವನೋ ಅಳುತ್ತಿದ್ದ. ಎಮ್ಮೆ ಹೊಡೆದುಕೊಂಡು, ಮುದುಕರನ್ನು ಹೊತ್ತುಕೊಂಡು ದಿಬ್ಬ ಹತ್ತಿದೆವು. ಅದು 2020ರ ಹೊಳೆ ಬಂದಾಗಿನ ಆಡಿಯೋ ಅಂತ ಮರುದಿನ ತಿಳಿಯಿತು. ಸಂಜೆ ಇಂಥ ಹೊತ್ತಿಗೆ ಟಿವಿ ಹಚ್ಚಿದರೆ ನಮ್ಮ ಜಿಲ್ಲೆಯ ಹೊಳೆಯ ಸುದ್ದಿ ಬರುತ್ತೆ ಅನ್ನೋ ಭರವಸೆ ಇದ್ದಿದ್ದರೆ ಆ ರಾತ್ರಿ ದಿಬ್ಬದ ಮೇಲೆ ಯಾಕೆ ಕೂರುತ್ತಿದ್ದೆವು? ಅರ್ಧ ಗಂಟೆ ಕೇಳುತ್ತಿರುವುದು ಇದಕ್ಕೇ.

ದುಡ್ಡಿಲ್ಲ ಅನ್ನಬೇಡಿ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ, ದೂರದರ್ಶನಗಳ ಸುಧಾರಣೆಗೆ 2,539 ಕೋಟಿ ರೂಪಾಯಿಗಿಂತ ಜಾಸ್ತಿ ಒಪ್ಪಿಗೆ ಕೊಟ್ಟಿತು. ಹಿಂದುಳಿದ ಕಡೆಗಳಿಗೆ 8 ಲಕ್ಷಕ್ಕೂ ಹೆಚ್ಚು ಉಚಿತ ಡಿಶ್ ಡಬ್ಬಿ ಹಂಚುವ ಮಾತೂ ಅದರಲ್ಲಿತ್ತು. ಡಬ್ಬಿ ಬರಲಿ. ಡಬ್ಬಿಯೊಳಗೆ ನಾವು ಬರೋದು ಯಾವಾಗ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಇದೆ, 2019ರಿಂದ ಕಲ್ಯಾಣ ಕರ್ನಾಟಕ ಅನ್ನೋ ಹೆಸರೂ ಇದೆ. ಆ ಮೀಸಲಾತಿಯ ರೋಸ್ಟರಿನಲ್ಲಿ ಟಿವಿಗೂ ಒಂದು ಪಾಯಿಂಟ್ ಸಿಗುತ್ತಾ, ನೋಡಿ.

ಸಿಟ್ಟಿನಲ್ಲಿ ಮಾತು ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ ಸಾಕು: ಕಲಬುರಗಿಯ ಹಳೇ ಟೇಪುಗಳು ಯಾರ ವಶದಲ್ಲಿವೆ, ಎಷ್ಟು ಉಳಿದಿವೆ, ದಿನಕ್ಕೆ ಅರ್ಧ ಗಂಟೆ ಯಾವತ್ತಿನಿಂದ? ಉತ್ತರ ಲಿಖಿತವಾಗಿ ಬರಲಿ.

ವಂಶಾವಳಿ ಪ್ರಮಾಣಪತ್ರ ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಬೇಕಾದರೆ ತಗೊಂಡು ಬರುತ್ತೇನೆ.

ಇಂತಿ ನಿಮ್ಮ ಮತದಾರ,
ಭೀಮಾ ದಂಡೆಯ ಒಬ್ಬ ನಿವೃತ್ತ ಮಾಸ್ತರ