ಸತೀಶನಿಗೆ, ಕರಿಯನ ಬಗ್ಗೆ

ಪ್ರೀತಿಯ ಸತೀಶ,

ನನ್ನ ಅಪ್ಪ ಹೋದಾಗ ನಾನು ಹೇಗೆ ಸುಧಾರಿಸಿಕೊಂಡೆ ಅಂತ ಕೇಳಿದ್ದೆಯಲ್ಲ. ನಿನ್ನ ಅಮ್ಮನ ವೈಕುಂಠ ಸಮಾರಾಧನೆಯ ದಿನ ಅಷ್ಟು ಜನರ ನಡುವೆ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಜೊತೆಗಿದ್ದದ್ದು ಕರಿಯ. ಅಪ್ಪ ಹನುಮಂತನಗರದ ನಮ್ಮ ಬೀದಿಯಿಂದಲೇ ಎತ್ತಿಕೊಂಡು ಬಂದು ಸಾಕಿದ ನಾಯಿ. ಅಪ್ಪ ಹೋದ ಮೇಲೆ ಅವನು ಗೇಟಿನ ಹತ್ತಿರವೇ ಮಲಗುತ್ತಿದ್ದ. ಸ್ಕೂಟರ್ ಸದ್ದಾದರೆ ಎದ್ದು ನಿಲ್ಲುತ್ತಿದ್ದ, ಬೇರೆಯವರದು ಅಂತ ತಿಳಿದ ಮೇಲೆ ಮತ್ತೆ ಮಲಗುತ್ತಿದ್ದ. ಮೊಸರನ್ನ ಹಾಕಿದರೆ ಮೂಸಿ ಬಿಡುತ್ತಿದ್ದ. ಬಂದವರೆಲ್ಲ 'ಧೈರ್ಯ ತಂದುಕೋ' ಅಂದರು, ಪ್ರೀತಿಯಿಂದಲೇ ಅಂದರು. ಆದರೆ ಆ ಮನೆಯಲ್ಲಿ ಅಪ್ಪನನ್ನು ಇನ್ನೂ ಕಾಯುತ್ತಿದ್ದವರು ನಾವಿಬ್ಬರೇ ಕಣೋ.

ಏಳಲು ಮನಸ್ಸಿಲ್ಲದಿದ್ದರೂ ಬೆಳಗ್ಗೆ ಅವನನ್ನು ಹೊರಗೆ ಕರೆದುಕೊಂಡು ಹೋಗಲೇಬೇಕಿತ್ತು. ಅಪ್ಪ ನಡೆಯುತ್ತಿದ್ದ ದಾರಿಗೇ ನನ್ನನ್ನು ಎಳೆಯುತ್ತಿದ್ದ. ಹಾಲಿನ ಬೂತ್, ಹೂವಿನವಳ ಮೂಲೆ, ಆಮೇಲೆ ಬ್ಯೂಗಲ್ ರಾಕ್ ಕಡೆಗೆ. ಎಲ್ಲಿ ನಿಲ್ಲಬೇಕು ಅಂತ ಅವನಿಗೆ ಗೊತ್ತಿತ್ತು. ನಿಂತಲ್ಲೆಲ್ಲ ಯಾರೋ ಒಬ್ಬರು ಅವನ ತಲೆ ಸವರಿ, ಅಪ್ಪನ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಹೂವಿನವಳ ಮಗಳ ಸ್ಕೂಲ್ ಫೀಸನ್ನು ಅಪ್ಪ ಕಟ್ಟಿದ್ದರಂತೆ! ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳು ಅದನ್ನು ಹೇಳುತ್ತಾ ಅತ್ತಳು, ನಾನೂ ಅಲ್ಲೇ ರಸ್ತೆಯಲ್ಲಿ ನಿಂತು ಅತ್ತೆ. ಅಲ್ಲಿಯವರೆಗೂ ನನಗೆ ಅಳು ಬಂದಿರಲಿಲ್ಲ. ಕರಿಯ ಇಲ್ಲದಿದ್ದರೆ ಆ ಮೂಲೆಗೆ ನಾನು ಹೋಗುತ್ತಲೇ ಇರಲಿಲ್ಲ.

ರಾತ್ರಿ ನಿದ್ದೆ ಬಾರದೆ ಕೂತರೆ ಮಂಡಿಯ ಮೇಲೆ ಮುಖವಿಟ್ಟು ಸುಮ್ನೆ ನೋಡುತ್ತಿದ್ದ. ನಾಯಿಯೂ ಅದನ್ನು ಸಾಕಿದವರೂ ಹೀಗೆ ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುತ್ತದೆ ಅಂತ ಜಪಾನಿನ ವಿಜ್ಞಾನಿಗಳು 2015ರಲ್ಲಿ ಬರೆದಿದ್ದಾರೆ. ತಾಯಿ ಮಗುವನ್ನು ಬೆಸೆಯುವ ಹಾರ್ಮೋನೂ ಅದೇ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಹಾಗಂತ ನಾಳೆಯೇ ಹೋಗಿ ಒಂದು ಮರಿ ತಂದುಬಿಡಬೇಡ. ಹತ್ತು ಹನ್ನೆರಡು ವರ್ಷದ ಜವಾಬ್ದಾರಿ ಅದು. ರೇಬಿಸ್ ಲಸಿಕೆ ಹಾಕಿಸಬೇಕು, ಮಳೆ ಬಂದರೂ ವಾಕಿಂಗ್ ತಪ್ಪಿಸುವಂತಿಲ್ಲ, ಊರಿಗೆ ಹೋದರೆ ನೋಡಿಕೊಳ್ಳುವವರು ಬೇಕು. ಮನಸ್ಸು ಸ್ವಲ್ಪ ತಿಳಿಯಾಗಲಿ. ಆಮೇಲೂ ಬೇಕು ಅನಿಸಿದರೆ ಬೀದಿಯಿಂದ ರಕ್ಷಿಸಿದ ನಾಯಿಯನ್ನೇ ದತ್ತು ತೆಗೆದುಕೋ. ಕ್ಯೂಪಾ ಅನ್ನುವ ಪ್ರಾಣಿ ರಕ್ಷಣೆಯ ಸಂಸ್ಥೆಯವರು 1991ರಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ, ನಾನೂ ಜೊತೆಗೆ ಬರುತ್ತೇನೆ.

ಇನ್ನೊಂದು ಮಾತು. ಊಟ ನಿದ್ದೆ ಪೂರ್ತಿ ಕೆಟ್ಟರೆ, ಬದುಕೇ ಬೇಡ ಅನಿಸಿದರೆ, ನಾಯಿ ಸಾಲದು, ನಾನೂ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಎನ್ನದೆ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನನಗೂ ಎಷ್ಟು ಹೊತ್ತಿಗಾದರೂ ಮಾಡು.

ಭಾನುವಾರ ಬೆಳಗ್ಗೆ ಆರೂವರೆಗೆ ಬಾ. ಕರಿಯನನ್ನು ನೀನೇ ಹಿಡಿದುಕೋ. ಆಮೇಲೆ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯೋಣ. ಅಮ್ಮನ ಬಗ್ಗೆ ಮಾತಾಡಬೇಕು ಅನಿಸಿದರೆ ಮಾತಾಡು. ಪರೀಕ್ಷೆ ದಿನಗಳಲ್ಲಿ ಅವರು ನಮ್ಮಿಬ್ಬರಿಗೂ ಮಾಡಿಕೊಡುತ್ತಿದ್ದ ಗೊಜ್ಜವಲಕ್ಕಿಯ ರುಚಿ ನನಗೂ ನೆನಪಿದೆ.

ನಿನ್ನ,
ರವಿ